ನಲವತ್ತೆಂಟನೆಯ ಪುಟ

ಬೆಳಗಿನ ಒಂಬತ್ತು ಗಂಟೆಯ ಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ಬಂದು ಒಂದು ಉದ್ದನೆಯ ಮೇಜಿನ ಮೇಲೆ ಮಲಗಿತ್ತು. ಮೇಜಿನ ಎಡತುದಿಯಲ್ಲಿ ಮೇಣ ಸವರಿದ ದಾರದ ಉಂಡೆ, ಅದರಲ್ಲಿ ನೆಟ್ಟ ಸೂಜಿ. ಪಕ್ಕದಲ್ಲಿ, ಕಾಗದದ ಮೇಲೆ ಉಜ್ಜಿ ಉಜ್ಜಿ ನದಿಯ ಕಲ್ಲಿನಷ್ಟು ನುಣುಪಾದ ಮೂಳೆಯ ಪಟ್ಟಿ. ನಡುವೆ ಮಡಿಸಿಟ್ಟ ಹಾಳೆಗಳ ನಾಲ್ಕು ಗುಡ್ಡೆ. ಒಂದೊಂದರ ಮೇಲೂ ಒಂದೊಂದು ಇಟ್ಟಿಗೆ. ಮೂಲೆಯಲ್ಲಿ ಕಬ್ಬಿಣದ ಒತ್ತುಯಂತ್ರ, ಎರಡು ಕೈ ಚಾಚಿ ಆಕಳಿಸುತ್ತಿರುವ ಮುದುಕನ ಹಾಗೆ. ಬಾಗಿಲು ಮುಚ್ಚಿತ್ತು. ಬಾಗಿಲಿನ ಒಳಮೈಗೆ, ಆಳೆತ್ತರದಲ್ಲಿ, ಹಲಗೆಯ ಬಿರುಕಿಗೆ ಅಡ್ಡವಾಗಿ ಅಂಟಿಸಿದ ಒಂದೇ ಒಂದು ಅಚ್ಚಿನ ಪುಟ. ಬೆಳಕಿನ ಕೋಲಿನಲ್ಲಿ ತೇಲುವ ಧೂಳಿನ ಕಣಗಳೂ ಆ ಪುಟವನ್ನು ಓದಿ ಮುಗಿಸದೆ ಕೆಳಗಿಳಿಯುವುದಿಲ್ಲವೆಂಬಂತೆ ಗಾಳಿಯಲ್ಲಿ ನಿಂತಿದ್ದವು.

ಆ ಬಾಗಿಲನ್ನು ಯಾರೋ ತಟ್ಟಿದರು.

ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಬೈಂಡರನನ್ನು ಬೀದಿಯವರೆಲ್ಲ ಅಂಟಣ್ಣನೆಂದೇ ಕರೆಯುತ್ತಿದ್ದರು. ಅವನ ಹೆಸರು ಬೇರೆ ಇತ್ತು. ಆದರೆ ಅವನು ಕಾಯಿಸುವ ಅಂಟು ಅವನ ಹೆಸರಿಗಿಂತ ಗಟ್ಟಿಯಾಗಿತ್ತು. "ನಾನು ಅಂಟಿಸಿದ್ದು ಹರೀಬಹುದು, ಬಿಡಲ್ಲ" ಎಂಬುದು ಅವನ ಹೆಮ್ಮೆಯ ಮಾತು. ಅಂಟಣ್ಣ ಒಲೆಯ ಮೇಲಿನ ಅಂಟಿನ ಪಾತ್ರೆಯನ್ನು ಹೆಂಡತಿಗೆ ಒಪ್ಪಿಸಿ, ಕೈ ಒರೆಸಿಕೊಳ್ಳುತ್ತ ಬಾಗಿಲು ತೆರೆದ.

ಹೊರಗೆ ಪೊಲೀಸು ಪೇದೆ ನಿಂತಿದ್ದ. ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ.

"ಸ್ವಲ್ಪ ಒಳಗೆ ಬರ್ಲಾ?" ಎಂದ ಪೇದೆ, ಒಂದು ಕಾಲನ್ನು ಆಗಲೇ ಎತ್ತಿ.

ಆ ಎತ್ತಿದ ಕಾಲನ್ನು ಕಂಡು ಅಂಟಣ್ಣ ಗಾಬರಿಯಾದ. ಅದಕ್ಕೆ ಕಾರಣ ಮಹಡಿಯ ಮೇಲಿತ್ತು. ಮಹಡಿಯಲ್ಲಿ ಮನೆಯ ಒಡತಿ ಓನರಮ್ಮ ಇದ್ದರು. ಓನರಮ್ಮನ ಬೀರುವಿನಲ್ಲಿ ಬಾಡಿಗೆ ಕರಾರು ಇತ್ತು. ಕರಾರಿನ ಏಳನೆಯ ಕಲಮಿನಲ್ಲಿ, "ಬಾಡಿಗೆದಾರರು ವಾಸವಿರುವ ಭಾಗದ ಹೊಸ್ತಿಲನ್ನು ಪೊಲೀಸರು ದಾಟಿದಲ್ಲಿ, ಅದೇ ದಿನ ಸೂರ್ಯಾಸ್ತದೊಳಗೆ ಮನೆ ಖಾಲಿ ಮಾಡತಕ್ಕದ್ದು" ಎಂದಿತ್ತು. ಹಿಂದಿನ ಬಾಡಿಗೆದಾರನೊಬ್ಬನನ್ನು ಹುಡುಕಿಕೊಂಡು ಪೊಲೀಸರು ಹನ್ನೊಂದು ಸಲ ಬಂದಿದ್ದರಂತೆ. ಬಂದಾಗಲೆಲ್ಲ ಓನರಮ್ಮನ ಬೆತ್ತದ ಕುರ್ಚಿಯಲ್ಲೇ ಕೂತರಂತೆ. ಹನ್ನೊಂದನೆಯ ಸಲ ಕುರ್ಚಿ ಸತ್ತಿತು. ಅದರ ಶ್ರಾದ್ಧವೇ ಈ ಏಳನೆಯ ಕಲಮು.

ಹದಿನಾಲ್ಕು ವರ್ಷ ಇದೇ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಿದವನು ಅಂಟಣ್ಣ. ಬೇರೆ ಬೆಳಕಿನಲ್ಲಿ ಸೂಜಿಯ ಕಣ್ಣು ಅವನಿಗೆ ಕಾಣಿಸುವುದೋ ಇಲ್ಲವೋ, ಅವನಿಗೇ ಧೈರ್ಯವಿರಲಿಲ್ಲ. ಅವನು ಬಾಗಿಲ ಎರಡೂ ಪಕ್ಕಕ್ಕೆ ಕೈಯೂರಿ, ಒಗೆದು ಹರವಿದ ಅಂಗಿಯ ಹಾಗೆ ನಿಂತುಬಿಟ್ಟ.

"ವಾರಂಟ್ ಇದೆಯಾ?"

ಪೇದೆ ಎತ್ತಿದ ಕಾಲನ್ನು ಎತ್ತಿದಲ್ಲೇ ಮರೆತ. "ಏನದು?"

"ಯಾವ ಅಧಿಕಾರಿಯೂ, ಎಂತಹ ಉನ್ನತ ದರ್ಜೆಯವನೇ ಆಗಿರಲಿ, ನ್ಯಾಯಾಧೀಶರ ಲಿಖಿತ ಅಪ್ಪಣೆಯಿಲ್ಲದೆ ಪ್ರಜೆಯ ಮನೆಯ ಹೊಸ್ತಿಲನ್ನು ದಾಟತಕ್ಕದ್ದಲ್ಲ," ಎಂದು ಅಂಟಣ್ಣ ಒಂದೇ ಉಸಿರಿಗೆ ಒಪ್ಪಿಸಿದ. "ಪುಟ ನಲವತ್ತೆಂಟು."

ಬಾಗಿಲಿಗೆ ಅಂಟಿಸಿದ್ದು ಅದೇ ಪುಟ. ಎರಡು ವರ್ಷದ ಹಿಂದೆ ಸರ್ಕಾರದ ಕಾನೂನು ಪುಸ್ತಕದ ನೂರು ಪ್ರತಿಗಳು ಬೈಂಡಿಗೆ ಬಂದಿದ್ದವು. ಬೈಂಡರು ಓದಬಾರದು, ಹೊಲಿಯಬೇಕು ಎಂದು ಅಂಟಣ್ಣನ ಗುರು ಕಿವಿ ಹಿಂಡಿ ಕಲಿಸಿದ್ದ. ಓದುವ ಬೈಂಡರ ಕೈ ತಪ್ಪುತ್ತದೆ. ಆದರೆ ಅಂದು, ಹದಿನಾರು ಪುಟಕ್ಕೊಂದರಂತೆ ಮಡಿಸಿದ ಫಾರಂಗಳನ್ನು ಒಂದರ ಮೇಲೊಂದು ಪೇರಿಸುವಾಗ, ಮೂರನೆಯ ಫಾರಮ್ಮಿನ ಕೊನೆಯ ಪುಟದ ಮೇಲೆ ಕಣ್ಣು ಬಿದ್ದಿತ್ತು. 'ದಾಟತಕ್ಕದ್ದಲ್ಲ.' ಇಷ್ಟು ವರ್ಷಗಳಲ್ಲಿ ತನಗಾಗಿಯೇ ಯಾರೋ ಬರೆದಂತಹ ಒಂದು ಸಾಲನ್ನು ಅಚ್ಚಿನಲ್ಲಿ ಅವನು ನೋಡಿದ್ದು ಅದೇ ಮೊದಲು. ಕಣ್ಣು ಮಂಜಾಯಿತು. ಮೂರನೆಯ ಫಾರಂ ಮಾತ್ರ ಒಂದೆರಡು ಹೆಚ್ಚಿಗೆ ಬಂದಿದ್ದರಿಂದ, ಅದರಲ್ಲೊಂದರ ಆ ಹಾಳೆ ಬಾಗಿಲಿಗೇರಿತು. ನೂರು ಪ್ರತಿ ಕಟ್ಟಿ ಮುಗಿಸಿದಾಗ ನಾಲ್ಕನೆಯ ಫಾರಂ ಒಂದು ಮೇಜಿನ ಮೇಲೆ ಮಿಕ್ಕಿತ್ತು.

ಫಾರಂ ಮಿಕ್ಕಿತು ಅಂದರೆ ಜಗತ್ತಿನಲ್ಲಿ ಎಲ್ಲೋ ಒಂದು ಪುಸ್ತಕ ಕುಂಟುತ್ತಿದೆ ಎಂದರ್ಥ. ಅಂಟಣ್ಣ ಎರಡು ವರ್ಷದಿಂದ ಆ ಮಿಕ್ಕ ಫಾರಮ್ಮನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದ. ಒಂದು ದಿನವಾದರೂ ಬಿಡಿಸಿ ಓದಿರಲಿಲ್ಲ. ಒಮ್ಮೆ ಓದಿದ್ದಕ್ಕೇ ಇಷ್ಟಾಗಿತ್ತು.

"ನೋಡಪ್ಪ," ಎಂದ ಪೇದೆ ದನಿ ತಗ್ಗಿಸಿ, "ನಾನು ಬಂದಿರೋ ವಿಷಯ ಬೀದೀಲಿ ನಿಂತು ಹೇಳೋ ಅಂಥದ್ದಲ್ಲ. ಸ್ಟೇಷನ್ನಿನ ಮರ್ಯಾದೆ ಪ್ರಶ್ನೆ. ಒಳಗೆ ಬಂದು ಕಿವೀಲಿ ಹೇಳ್ತೀನಿ."

"ಕಿವಿ ಇಲ್ಲೇ ಇದೆ. ಹೇಳಿ."

ಅಂಟಣ್ಣನ ಕಿವಿಯ ಜೊತೆಗೆ ಎದುರಂಗಡಿಯ ಟೈಲರನ ಕಿವಿಯೂ ಅಲ್ಲೇ ಇತ್ತು. ಟೈಲರು ಕತ್ತರಿ ಹಿಡಿದುಕೊಂಡೇ ರಸ್ತೆ ದಾಟಿ ಬಂದಿದ್ದ. ಕೊರಳಲ್ಲಿ ಅಳತೆಪಟ್ಟಿ ತೂಗುತ್ತಿತ್ತು. ಪೇದೆ ಅವನನ್ನು ನೋಡಿ ಬಾಯಿಗೆ ಬೀಗ ಹಾಕಿಕೊಂಡ.

"ಏನಂತೆ ಅಂಟಣ್ಣ?" ಎಂದ ಟೈಲರು.

"ಏನಿಲ್ಲ. ಒಳಗೆ ಬರ್ತೀನಿ ಅಂತಾರೆ. ಬಿಡಲ್ಲ ಅಂತೀನಿ."

"ಬಿಡಲ್ವಾ? ಯಾಕೆ, ಒಳಗೆ ಏನಿದೆ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ಮೇಲೆ ಬಿಡೋಕೇನು?" ಎಂದು ಟೈಲರು ಪೇದೆಯ ಕಡೆ ತಿರುಗಿ, ನ್ಯಾಯ ಕೇಳುವವನಂತೆ ಹುಬ್ಬೇರಿಸಿದ. ಪೇದೆಯ ಹುಬ್ಬೂ ಮೆಲ್ಲಗೆ ಮೇಲೇರಿತು. ಅಲ್ಲಿಯವರೆಗೂ ಆ ಬಡಪಾಯಿಯ ತಲೆಯಲ್ಲಿ ಅನುಮಾನ ಎಂಬುದು ಇರಲಿಲ್ಲ. ಈಗ ಟೈಲರು ಅಳತೆ ತೆಗೆದು ಹೊಲಿದುಕೊಟ್ಟ.

ಮೇಲಿನಿಂದ ಒಂದು ದನಿ ಇಳಿದು ಬಂತು. "ಅಂಟಣ್ಣಾ, ದಾಟಿದ್ರಾ?"

ಮಹಡಿಯ ಮೊಗಸಾಲೆಯ ಕಂಬಿಗೆ ಗಲ್ಲವೂರಿ ಓನರಮ್ಮ ಕೆಳಗೆ ನೋಡುತ್ತಿದ್ದರು.

"ಇಲ್ಲ ಓನರಮ್ಮ, ಇನ್ನೂ ದಾಟಿಲ್ಲ."

"ಸರಿ. ನಾನು ಸುಮ್ನೆ ಕೇಳ್ದೆ."

ಹನ್ನೊಂದು ಗಂಟೆಯ ಹೊತ್ತಿಗೆ ಬೀದಿಯಲ್ಲಿ ನಲವತ್ತು ಜನ ನೆರೆದಿದ್ದರು. ಪೇದೆ ಜಗುಲಿಯ ಬೆಂಚಿನ ಮೇಲೆ ಪೊಟ್ಟಣವನ್ನು ತಬ್ಬಿಕೊಂಡು ಕೂತಿದ್ದ; ವಿಷಯ ಹೇಳದೆ ಹೋಗುವಂತಿಲ್ಲ, ಹೇಳಿ ಉಳಿಯುವಂತಿಲ್ಲ. ಅಂಟಣ್ಣ ಬಾಗಿಲಲ್ಲಿ ಕೈ ಹರಡಿ ನಿಂತೇ ಇದ್ದ. ಮೂಗು ತುರಿಸಿದರೂ ಹೆಂಡತಿಯನ್ನು ಕರೆಯಬೇಕಿತ್ತು. ಜನರ ನಡುವೆ ಟೈಲರು ಬಿತ್ತಿದ ಮಾತು ಹುಲ್ಲಿಗೆ ಬಿದ್ದ ಕಿಡಿಯಾಗಿತ್ತು. ಒಳಗೆ ಕಬ್ಬಿಣದ ಯಂತ್ರವಿದೆ, ಅಲ್ಲವೇ? ಕಾಗದ ಬೇಕಾದಷ್ಟಿದೆ, ಅಲ್ಲವೇ? ಯಂತ್ರ, ಕಾಗದ ಎರಡೂ ಇದ್ದ ಮೇಲೆ ಮನುಷ್ಯ ಏನು ಮಾಡುತ್ತಾನೆ? ನೋಟು ಮಾಡುತ್ತಾನೆ. ಹಾಗಾದರೆ ಅವನ ಅಂಗಿಯ ಮೊಣಕೈ ಯಾಕೆ ಹರಿದಿದೆ? ಅದೇ ಅದರ ಜಾಣತನ.

ಮೂಲೆಮನೆಯ ರಿಟೈರ್ಡ್ ಮೇಷ್ಟ್ರು ಮಾತ್ರ ಅಂಟಣ್ಣನ ಪಕ್ಷ. ನಲವತ್ತು ವರ್ಷ ಪೌರನೀತಿ ಪಾಠ ಹೇಳಿ, ಒಬ್ಬ ಹುಡುಗನೂ ಅದನ್ನು ಬಳಸಿದ್ದನ್ನು ಕಾಣದೆ ನಿವೃತ್ತರಾದವರು ಅವರು. ಈಗ ಊರುಗೋಲನ್ನು ಬಾವುಟದಂತೆ ಎತ್ತಿ ಬಂದರು.

"ಬಿಡಬೇಡ ಕಣಯ್ಯಾ. ಒಬ್ಬ ಬಡವ ಬಾಗಿಲಲ್ಲಿ ನಿಂತು ಇಲ್ಲ ಅಂದ್ರೆ, ಅಲ್ಲಿಗೆ ರಾಜ್ಯ ಮುಗೀತು. ಅದರಾಚೆ ಮನೆ."

"ಮೇಷ್ಟ್ರೇ, ಕೈ ಸೋತೋಯ್ತು," ಎಂದ ಅಂಟಣ್ಣ.

"ಹಕ್ಕು ಅಂದ್ರೆ ಸುಮ್ನೇನಾ? ಒಂದು ಕೈ ಇಳಿಸು, ಇನ್ನೊಂದ್ರಲ್ಲಿ ಹಿಡ್ಕೋ."

ಆ ವೇಳೆಗೆ ಒಳಗಿನಿಂದ ಸೀದ ವಾಸನೆ ಬಂತು. ಗಂಡನ ಮೂಗು ತುರಿಸಲು ಬಂದಿದ್ದ ಹೆಂಡತಿ ಅಂಟಿನ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟಿದ್ದಳು. ತಳ ಹಿಡಿದ ಅಂಟು ಮೊದಲು ಗೊಣಗಿ, ಆಮೇಲೆ ಬುಸುಗುಟ್ಟಿ, ಕಡೆಗೆ ಕಿಟಕಿಯಿಂದ ಕರಿಯ ಹೊಗೆಯ ಒಂದು ಉದ್ದನೆಯ ಜಡೆಯನ್ನು ಬೀದಿಗೆ ಇಳಿಬಿಟ್ಟಿತು.

"ಸುಡ್ತಾ ಇದಾರೆ," ಎಂದ ಟೈಲರು, ಬಹಳ ಶಾಂತನಾಗಿ. "ನೋಟು ಸುಡ್ತಾ ಇದಾರೆ."

"ಅಂಟು ಕಣೋ ಅದು, ಮೈದಾಹಿಟ್ಟು," ಎಂದು ಒಳಗಿನಿಂದ ಹೆಂಡತಿ ಕೆಮ್ಮಿದಳು.

"ಹಿಟ್ಟು ಅಂತೆ," ಎಂದು ಟೈಲರು ಎಲ್ಲರಿಗೂ ಅನುವಾದಿಸಿದ.

ಪೇದೆ ಎದ್ದು ಸೀಟಿ ಊದಿದ. ಎರಡು ವರ್ಷದಿಂದ ಊದದ ಸೀಟಿ. ಮೊದಲು ಅದರೊಳಗಿನಿಂದ ಒಂದು ಜೇಡ ಬಂತು, ಆಮೇಲೆ ಸದ್ದು ಬಂತು. ಅರ್ಧ ಗಂಟೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರೂ ಬಂದರು.

"ದಾಟಿದ್ರಾ?" ಎಂದರು ಓನರಮ್ಮ ಮೇಲಿನಿಂದ.

"ಇಲ್ಲಮ್ಮ," ಎಂದಿತು ಇಡೀ ಬೀದಿ.

ಇನ್ಸ್‌ಪೆಕ್ಟರ್ ಗಟ್ಟಿ ಆಳು. ಮೀಸೆ ಮಾತ್ರ ಇನ್ನೂ ಕಾಯಂ ಆಗದ ನೌಕರನಂತೆ ಅಳುಕುತ್ತಿತ್ತು. "ಏನ್ರೀ ಇದು, ಪೊಲೀಸನ್ನ ಬಾಗಿಲಲ್ಲಿ ನಿಲ್ಸಿದೀರಾ? ಪಕ್ಕಕ್ಕೆ ಬನ್ನಿ, ನಾನೊಂದ್ಸಲ ಒಳಗೆ ನೋಡ್ಬೇಕು."

ಅಂಟಣ್ಣ ಪಕ್ಕಕ್ಕೆ ಸರಿಯಲಿಲ್ಲ. ಅವನ ಬೆನ್ನ ಹಿಂದೆ ಬಾಗಿಲಿತ್ತು. ಬಾಗಿಲಲ್ಲಿ ಆ ಪುಟವಿತ್ತು. "ಎಂತಹ ಉನ್ನತ ದರ್ಜೆಯವನೇ ಆಗಿರಲಿ," ಎಂದು ಆರಂಭಿಸಿದ. ಮುಂದಿನ ಸಾಲು ತಪ್ಪಿತು. ಒಳಗಿನಿಂದ ಹೆಂಡತಿ ಮುಂದುವರಿಸಿದಳು: "ನ್ಯಾಯಾಧೀಶರ ಲಿಖಿತ ಅಪ್ಪಣೆಯಿಲ್ಲದೆ." ಎರಡು ವರ್ಷ ಬಾಗಿಲು ಹಾಕುವಾಗ, ತೆಗೆಯುವಾಗ ಅವಳಿಗೂ ಅದು ಬಾಯಿಪಾಠವಾಗಿತ್ತು.

"ಇದೆಲ್ಲ ಯಾವ ಪುಸ್ತಕದಲ್ಲಿದೆ?"

"ನಿಮ್ಮದೇ ಪುಸ್ತಕದಲ್ಲಿ," ಎಂದು ಮೇಷ್ಟ್ರು ಊರುಗೋಲು ಮುಂದೆ ಮಾಡಿದರು. "ಸ್ಟೇಷನ್ನಲ್ಲಿ ಕಾನೂನು ಪುಸ್ತಕ ಇಟ್ಟಿದೀರೋ ಇಲ್ವೋ ಸಾಹೇಬ್ರೆ? ತರಿಸಿ. ನಲವತ್ತು ಜನರ ಮುಂದೆ ಓದೋಣ."

ಇನ್ಸ್‌ಪೆಕ್ಟರ್ ಪೇದೆಯ ಕಡೆ ತಿರುಗಿದರು. "ಹೋಗು, ಪುಸ್ತಕ ತಗೊಂಡ್ ಬಾ."

ಪೇದೆ ಕದಲಲಿಲ್ಲ. "ಸರ್, ಪುಸ್ತಕ ನನ್ ಕಂಕುಳಲ್ಲೇ ಇದೆ."

"ನಿನ್ ಕಂಕುಳಲ್ಲಿ ಯಾಕಿದೆ?"

"ಬೆಳಿಗ್ಗೆ ನೀವೇ ಅಲ್ವಾ ಸರ್, ಬೈಂಡರಿಗೆ ತೋರಿಸ್ಕೊಂಡ್ ಬಾ, ಯಾರಿಗೂ ಗೊತ್ತಾಗ್ಬಾರ್ದು ಅಂತ ಕಳಿಸಿದ್ದು."

ಇನ್ಸ್‌ಪೆಕ್ಟರ್ ಕಣ್ಣುಮುಚ್ಚಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದಂತೆ ಕಂಡಿತು. ಬಳಿಕ ಪತ್ರಿಕೆಯ ಸುತ್ತು ಬಿಚ್ಚಿ, ಪುಸ್ತಕ ತೆರೆದು, ನಲವತ್ತೆಂಟನೆಯ ಪುಟ ಓದಿದರು. ಅಂಟಣ್ಣ ಹೇಳಿದ್ದು ಅಕ್ಷರಕ್ಕೆ ಅಕ್ಷರ ಅಲ್ಲಿತ್ತು. ಎದುರಿಗೆ ನಲವತ್ತೊಂಬತ್ತರ ಬದಲು ಪುಟ ಮೂವತ್ತಮೂರು. ಮತ್ತೆ ಮೂವತ್ತನಾಲ್ಕು, ಮೂವತ್ತೈದು. ಮತ್ತೆ ನಲವತ್ತೆಂಟು, ಮತ್ತೆ 'ದಾಟತಕ್ಕದ್ದಲ್ಲ'. ಅದಾದ ಮೇಲೆ ನೇರವಾಗಿ ಅರವತ್ತೈದು.

"ಎರಡು ಸಲ ಹೇಳಿದೆ," ಎಂದರು ಮೇಷ್ಟ್ರು ಹೆಗಲ ಮೇಲಿನಿಂದ ಇಣುಕಿ, ಧನ್ಯರಾಗಿ. "ಮಕ್ಕಳಿಗೆ ಒಂದು ಸಲ ಹೇಳಿದ್ರೆ ಸಾಕು ಸಾಹೇಬ್ರೆ. ಪೊಲೀಸರಿಗೆ ಎರಡು ಸಲ."

ನಲವತ್ತು ಜನ ನಕ್ಕರು. ಇನ್ಸ್‌ಪೆಕ್ಟರ್ ನಗಲಿಲ್ಲ, ಆದರೆ ಅವರು ಕೆಟ್ಟ ಮನುಷ್ಯರೇನಲ್ಲ. ಪುಸ್ತಕ ಮುಚ್ಚಿ, ಟೋಪಿ ತೆಗೆದು, "ಪುಸ್ತಕ ಏನು ಹೇಳುತ್ತೋ ಅದೇ ಸರಿ. ನಿಮ್ಮ ಮನೆ ನಿಮ್ಮದು," ಎಂದರು.

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ನೋಟಿನ ಮಾತು ತೆಗೆದ ಟೈಲರೇ ಅಂಟಣ್ಣನ ಬೆನ್ನು ತಟ್ಟಿ, "ನಾನು ಮೊದಲೇ ಹೇಳಿರ್ಲಿಲ್ವಾ?" ಎಂದ. ಮಹಡಿಯ ಮೇಲೆ ಓನರಮ್ಮ ಕೂಡ ಕಂಬಿಯಿಂದ ಗಲ್ಲ ಎತ್ತಿ ಒಂದು ಸಲ ತಲೆದೂಗಿದರು. ಅಂಟಣ್ಣ ಕೈ ಇಳಿಸಿದ. ಮೂರು ಗಂಟೆ ಕಾಲ ಎತ್ತಿ ಹಿಡಿದ ಕೈಗಳು. ಇಳಿಸಿದರೂ ಹಗುರವಾಗಿ ತಾವೇ ಮೇಲೇಳುತ್ತಿದ್ದವು, ರೆಕ್ಕೆ ಮೂಡಿದ ಹಾಗೆ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಮೆಟ್ಟಿಲಿಳಿದ ಇನ್ಸ್‌ಪೆಕ್ಟರ್ ತಿರುಗಿ ನಿಂತರು.

"ಅಂದ ಹಾಗೆ, ಇದನ್ನ ಸರಿ ಮಾಡ್ಕೊಡ್ತೀರಾ? ನಲವತ್ತೊಂಬತ್ತರಿಂದ ಅರವತ್ತನಾಲ್ಕರ ತನಕ ಪುಟಾನೇ ಇಲ್ಲ. ಎರಡು ವರ್ಷದಿಂದ ಕಾನೂನಿನ ನಡುವೆ ಒಂದು ಗುಂಡಿ ಇಟ್ಕೊಂಡು, ಹಾರ್ಕೊಂಡು ಹಾರ್ಕೊಂಡು ಹೋಗ್ತಿದೀವಿ. ನಾಳೆ ಮೇಲಿನವರು ತಪಾಸಣೆಗೆ ಬರ್ತಾರೆ. ರಟ್ಟಿನ ಒಳಗೆ ನಿಮ್ಮದೇ ಚೀಟಿ ಇದೆ, ನೋಡಿ."

ಅಂಟಣ್ಣ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬೆನ್ನಿನ ಹೊಲಿಗೆಯನ್ನು ಬೆರಳಿನಿಂದ ಸವರಿದ. ಇದೇ ಅದು. ಎರಡು ವರ್ಷದಿಂದ ಎಲ್ಲೋ ಕುಂಟುತ್ತಿದ್ದ ಪುಸ್ತಕ ತಾನಾಗಿ ಬಾಗಿಲಿಗೆ ಬಂದಿತ್ತು, ತಪ್ಪಿಸಿಕೊಂಡ ಮಗು ಪೊಲೀಸರ ಕೈಹಿಡಿದು ಮನೆಗೆ ಬಂದಂತೆ. ಇದನ್ನೇ ಅವನು ಬೆಳಗಿನಿಂದ ಒಳಗೆ ಬಿಡದೆ ನಿಂತಿದ್ದ.

"ಅರ್ಧ ಗಂಟೆ ಕೂತ್ಕೊಳ್ಳಿ ಸ್ವಾಮಿ. ಬೆಂಚಿನ ಮೇಲೆ."

ಒಳಗೆ ಹೆಂಡತಿ ದಾರಿ ಕಟ್ಟಿದಳು. "ಗೆದ್ದಿದೀರಿ. ಇನ್ನು ಸುಮ್ನಿರಿ. ನಾಳೆ ಬನ್ನಿ ಅಂತ ಕಳಿಸಿ."

"ಕುಂಟೋ ಪುಸ್ತಕಾನ ಹಾಗೇ ಕಳಿಸ್ಲಾ? ನನ್ನ ಚೀಟಿ ಇದೆ ಅದರಲ್ಲಿ."

"ಹಾಗಾದ್ರೆ ಏನು ಸೇರಿಸ್ತಿದೀರಿ ಅಂತ ಓದಿಯಾದ್ರೂ ನೋಡಿ."

"ಓದಲ್ಲ," ಎಂದ ಅಂಟಣ್ಣ ಸೂಜಿಗೆ ದಾರ ಪೋಣಿಸುತ್ತ. "ಓದಿದ್ದಕ್ಕೇ ಇದೆಲ್ಲ ಆಗಿದ್ದು."

ಆ ಅರ್ಧ ಗಂಟೆಯಲ್ಲಿ ಅವನು ಮಾಡಿದಂತಹ ಕೆಲಸವನ್ನು ಆ ಮೇಜು ಅದುವರೆಗೆ ಕಂಡಿರಲಿಲ್ಲ. ಹಳೆಯ ಹೊಲಿಗೆ ಬಿಚ್ಚಿ, ಹೆಚ್ಚಾಗಿದ್ದ ಮೂರನೆಯ ಫಾರಂ ತೆಗೆದು, ಬಟ್ಟೆಯೊಳಗಿನ ನಾಲ್ಕನೆಯದನ್ನು ಅದರ ಜಾಗದಲ್ಲಿಟ್ಟು, ಹಳೆಯ ತೂತುಗಳಲ್ಲೇ ಹೊಸ ದಾರ ಎಳೆದ. ಎಲ್ಲಿ ಸೇರಿಸಿದ್ದೆಂದು ದೇವರಿಗೂ ತಿಳಿಯಬಾರದು, ಹಾಗೆ. ಹೊರಗೆ ಬಂದು ಹೂವಿನ ಹಾರ ಕೊಡುವವನಂತೆ ಪುಸ್ತಕ ನೀಡಿದ.

ಇನ್ಸ್‌ಪೆಕ್ಟರ್ ಪರೀಕ್ಷೆಗೆಂದು ನಲವತ್ತೆಂಟರಲ್ಲೇ ತೆರೆದರು. ಎದುರಿಗೆ, ಎರಡು ವರ್ಷ ಕತ್ತಲಲ್ಲಿ ಮಲಗಿದ್ದ ನಲವತ್ತೊಂಬತ್ತು ಈಗ ಕಣ್ಣುಬಿಟ್ಟಿತ್ತು. ಅವರು ಮೊದಲು ಮನಸ್ಸಿನಲ್ಲಿ ಓದಿದರು. ಮೀಸೆ ಆ ದಿನ ಮೊದಲ ಸಲ ಕಾಯಂ ಆಯಿತು. ಆಮೇಲೆ ಗಟ್ಟಿಯಾಗಿ ಓದಿದರು.

"ಪರಂತು, ಮನೆಯೊಡೆಯನು ಅಧಿಕಾರಿಯನ್ನು ಬಾಗಿಲಲ್ಲಿ ತಡೆದು, ತಡೆದುದಕ್ಕೆ ತಕ್ಕ ಕಾರಣವನ್ನು ನೀಡಲಾರದೆ ಹೋದಲ್ಲಿ, ಮೇಲ್ಕಂಡ ನಿರ್ಬಂಧವು ಅನ್ವಯಿಸತಕ್ಕದ್ದಲ್ಲ."

"ಪರಂತು ಅಂದ್ರೆ?" ಎಂದ ಟೈಲರು.

"ಆದರೆ ಅಂತ," ಎಂದರು ಮೇಷ್ಟ್ರು. ಊರುಗೋಲು ಮೆಲ್ಲನೆ ನೆಲಕ್ಕಿಳಿಯಿತು. ನಲವತ್ತು ವರ್ಷದ ಪಾಠವೆಲ್ಲ ಎಡಪುಟದ್ದಾಗಿತ್ತು. ಬಲಪುಟವನ್ನು ಅವರು ಇಂದೇ ಕಂಡಂತಿತ್ತು.

"ತಕ್ಕ ಕಾರಣ ಇದ್ರೆ ಹೇಳಿ," ಎಂದರು ಇನ್ಸ್‌ಪೆಕ್ಟರ್, ನಿಜಕ್ಕೂ ಕನಿಕರದಿಂದ. "ಹೇಳಿದ್ರೆ ಹೊರಟುಹೋಗ್ತೀನಿ."

ಕಾರಣವಿತ್ತು. ಅಂಟಣ್ಣ ತಲೆಯೆತ್ತಿ ಮಹಡಿಯನ್ನು ನೋಡಿದ. "ನೀವು ಒಳಗೆ ಬಂದ್ರೆ ನಾವು ಮನೆ ಬಿಡ್ಬೇಕು ಸ್ವಾಮಿ. ಓನರಮ್ಮ ಹಾಗಂತ ಕರಾರಲ್ಲೇ ಬರೆಸಿದಾರೆ. ಅವರನ್ನೇ ಕೇಳಿ."

ನಲವತ್ತು ತಲೆಗಳು ಮೇಲಕ್ಕೆದ್ದವು. ಓನರಮ್ಮ ಸೆರಗು ಸರಿಮಾಡಿಕೊಂಡು, ಸಕ್ಕರೆ ಕಲಸಿದ ದನಿಯಲ್ಲಿ ಹೇಳಿದರು:

"ಅಯ್ಯೋ, ನಾನೆಲ್ಲಿ ಹಾಗಂದೆ? ಪೊಲೀಸ್ನೋರು ಅಂದ್ರೆ ನಂಗೆ ದೇವರಿದ್ದ ಹಾಗೆ. ಬನ್ನಿ ಸಾಹೇಬ್ರೆ, ಧಾರಾಳವಾಗಿ ಒಳಗೆ ಹೋಗಿ."

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿಟ್ಟು ಒಳಗೆ ಹೋದರು. ಪೇದೆಯೂ ಬಿಚ್ಚಿದ, ಒಂದು ಕಾಲುಚೀಲದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು, ಬೆಳಗಿನಿಂದ ತಡೆದಿಟ್ಟ ಕುತೂಹಲದಂತೆ. ಐದು ನಿಮಿಷದ ಶೋಧದಲ್ಲಿ ಸಿಕ್ಕಿದ್ದು ಸೀದ ಪಾತ್ರೆ ಒಂದು, ಇಟ್ಟಿಗೆ ನಾಲ್ಕು, ಕೆಮ್ಮುವ ಹೆಂಡತಿ ಒಬ್ಬಳು. "ಏನೂ ಇಲ್ಲ, ಕ್ಷಮಿಸಿ" ಎಂದು ಬಹಳ ಮರ್ಯಾದೆಯಿಂದ ಹೇಳಿ ಅವರು ಹೊರಬಂದರು.

"ದಾಟಿದ್ರಾ?" ಎಂದರು ಓನರಮ್ಮ. ಈ ಸಲ ದನಿ ಮೇಲಿನಿಂದ ಬರಲಿಲ್ಲ. ಅವರು ಕೆಳಗಿಳಿದು ಬಂದಿದ್ದರು, ಕೈಯಲ್ಲಿ ಕರಾರು.

"ದಾಟಿದ್ರು, ಓನರಮ್ಮ."

"ಮತ್ತೆ ಏಳನೇ ಕಲಮು ಅಂತ ಒಂದಿದೆಯಲ್ಲಪ್ಪ."

"ಈಗ ತಾನೇ ಹಾಗಂದಿಲ್ಲ ಅಂದ್ರಲ್ಲ?"

"ಅದು ಅವರಿಗೆ ಹೇಳಿದ್ದು. ಇದು ನಿಮಗೆ."

ಅಂಟಣ್ಣ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕರಾರನ್ನು ಆಚೆ ಈಚೆ ತಿರುವಿ, ಕೊನೆಗೊಂದು ಪರಂತು ಎಲ್ಲಾದರೂ ಇದೆಯೇ ಎಂದು ಹುಡುಕಿದರು. ಇರಲಿಲ್ಲ. ಜಗತ್ತಿನಲ್ಲಿ ಪರಂತು ಇಲ್ಲದ ಕಾಗದ ಅದೊಂದೇ ಇದ್ದಂತಿತ್ತು.

ಸಂಜೆ ತಳ್ಳುಗಾಡಿ ಬಂತು. ಅದರ ಮೇಲೆ ಮೇಜು, ಪಾತ್ರೆ, ಹಾಸಿಗೆ ಏರಿದವು. ಒತ್ತುಯಂತ್ರ ನಾಲ್ಕು ಜನರ ಭಾರ. ಇನ್ಸ್‌ಪೆಕ್ಟರ್, ಪೇದೆ, ಟೈಲರು ಕೈಜೋಡಿಸಿದರು. ನಾಲ್ಕನೆಯ ಮೂಲೆ ಅಂಟಣ್ಣನದು. ಬೆಳಗಿನಿಂದ ಅಂಟಣ್ಣ ಒಳಗೆ ಬಿಡದೆ ತಡೆದವರೇ ಈಗ ಬಹಳ ಜೋಪಾನವಾಗಿ, "ಹುಷಾರು, ಹೊಸ್ತಿಲು ಇದೆ" ಎನ್ನುತ್ತ ಅವನ ಮನೆಯನ್ನು ಹೊರಗೆ ತಂದರು. ಮೇಷ್ಟ್ರ ಮನೆಯ ಹಿಂದಿನ ಕೋಣೆ ಸದ್ಯಕ್ಕೆ ಇತ್ತು. ಅದಕ್ಕೆ ಕಿಟಕಿ ಇರಲಿಲ್ಲ.

ಹೆಂಡತಿ ಗಾಡಿಯ ಹಿಂದೆ ಹೊರಟಳು. ಅಂಟಣ್ಣ ಕೊನೆಗೊಮ್ಮೆ ಬಾಗಿಲ ಬಳಿ ನಿಂತು, ಆ ಪುಟವನ್ನಾದರೂ ಜೊತೆಗೆ ಒಯ್ಯೋಣವೆಂದು ಮೂಲೆಗೆ ಉಗುರು ಹಾಕಿದ. ಬರಲಿಲ್ಲ. ಮೂಳೆಯ ಪಟ್ಟಿಯಿಂದ ಎಬ್ಬಿಸಿ ನೋಡಿದ. ಕದಲಲಿಲ್ಲ. ಅವನೇ ಕಾಯಿಸಿದ ಅಂಟು, ಹರಿಯಬಹುದು, ಬಿಡುವುದಿಲ್ಲ. ಹರಿಯಲು ಅವನಿಗೆ ಮನಸ್ಸಾಗಲಿಲ್ಲ.

ಪಕ್ಕಕ್ಕೆ ಬಂದ ಓನರಮ್ಮ ಕನ್ನಡಕ ಏರಿಸಿ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮುಖ ಅರಳಿತು.

"ಎಷ್ಟು ಚೆನ್ನಾಗಿದೆ ಕಣಪ್ಪ. ಇದು ಇಲ್ಲೇ ಇರ್ಲಿ. ಒಂಟಿ ಹೆಂಗಸು ನಾನು, ಧೈರ್ಯಕ್ಕಾಯ್ತು."

ಅಂಟಣ್ಣ ಮೂಳೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. ಬೀದಿಯ ತುದಿಯಲ್ಲಿ ಗಾಡಿಯ ಚಕ್ರ ಕಿರುಗುಟ್ಟುತ್ತಿತ್ತು. ಅವನು ಎರಡನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ, ನಲವತ್ತೆಂಟನೆಯ ಪುಟವನ್ನು ಒಳಗಿಟ್ಟುಕೊಂಡು, ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.